ಮದುವೆಗಾಗಿ ಊರು ಬದಲಿಸಿ ಕೆಲಸ ಬಿಟ್ಟರೆ ಕ್ಯಾಲಿಫೋರ್ನಿಯಾದ ನಿರುದ್ಯೋಗ ಭತ್ಯೆ ಸಿಗುತ್ತದೆಯೇ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ನೀವು ಗ್ರೀನ್ ಕಾರ್ಡ್ ಮೇಲೆ ತಂದೆತಾಯಿಯ ಜೊತೆ ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಬಂದವರು. ಜೂನ್ ಮೊದಲ ವಾರದಿಂದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ, ತಿಂಗಳಿಗೆ 4,200 ಡಾಲರ್ ಸಂಬಳಕ್ಕೆ ಕೆಲಸ ಮಾಡುತ್ತಿದ್ದೀರಿ. ನಿಶ್ಚಿತಾರ್ಥವಾಗಿದೆ, ಫೆಬ್ರವರಿ ಕೊನೆಯ ವಾರ ಮೈಸೂರಿನಲ್ಲಿ ಮದುವೆ, ವರ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಉದ್ಯೋಗದಲ್ಲಿದ್ದಾರೆ, ಮಾರ್ಚ್ ಕೊನೆಯ ಹೊತ್ತಿಗೆ ನೀವು ಅಲ್ಲಿ ಸಂಸಾರ ಹೂಡುವವರು. ಡಿಸೆಂಬರ್ ಕೊನೆಗೇ ರಾಜೀನಾಮೆ ಕೊಡಬೇಕೆಂದಿದ್ದೀರಿ. ತಾವಾಗಿಯೇ ಕೆಲಸ ಬಿಟ್ಟವರಿಗೆ ಭತ್ಯೆ ಇಲ್ಲವೆಂದು ಒಬ್ಬರು, ಮದುವೆಗೆ ಬಿಟ್ಟರೆ ಸಿಗುತ್ತದೆಂದು ಇನ್ನೊಬ್ಬರು ಹೇಳಿದ್ದಾರೆ. ಯಾವುದು ನಿಜ ಎಂಬುದು ನಿಮ್ಮ ಪ್ರಶ್ನೆ. ನಾನು ಬಹಳ ವರ್ಷಗಳಿಂದ ಸ್ಯಾಕ್ರಮೆಂಟೊ ಬಳಿ ಇದ್ದೇನೆ. ಸಂಬಳ ಮತ್ತು ಸಿಬ್ಬಂದಿ ವಿಭಾಗದಲ್ಲಿ ದುಡಿಯುವಾಗ, ಕೆಲಸ ಬಿಟ್ಟವರ ಕುರಿತು ಸರ್ಕಾರ ಕಳಿಸುವ ನೋಟಿಸುಗಳಿಗೆ ಉತ್ತರ ಬರೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಆ ಅನುಭವದ ಮೇಲೆ ಹೇಳುತ್ತೇನೆ: ಎರಡನೆಯವರು ಹೇಳಿದ್ದು ಕ್ಯಾಲಿಫೋರ್ನಿಯಾದ ಮಟ್ಟಿಗೆ ನಿಜ. ಆದರೆ ನೀವು ಈಗ ಯೋಚಿಸಿರುವ ಕ್ರಮದಲ್ಲೇ ನಡೆದುಕೊಂಡರೆ ಸಿಗಬೇಕಾದದ್ದು ಕೈತಪ್ಪುವ ಸಾಧ್ಯತೆಯೂ ಇದೆ.

ಮೊದಲು ತಿಳಿಯಬೇಕಾದದ್ದು, ನಿಮಗೆ ಅನ್ವಯಿಸುವುದು ನೀವು ಹೋಗಿ ನೆಲೆಸುವ ರಾಜ್ಯದ ಕಾನೂನಲ್ಲ, ನೀವು ದುಡಿದ ರಾಜ್ಯದ ಕಾನೂನು. ಅಮೆರಿಕದಲ್ಲಿ ನಿರುದ್ಯೋಗ ವಿಮೆಯನ್ನು ಒಂದೊಂದು ರಾಜ್ಯವೂ ತನ್ನದೇ ನಿಯಮದಂತೆ ನಡೆಸುತ್ತದೆ. ನಿಮ್ಮ ಸಂಬಳದ ಮೇಲಿನ ವಿಮಾ ತೆರಿಗೆ ಕ್ಯಾಲಿಫೋರ್ನಿಯಾಕ್ಕೆ ಸಂದಿರುವುದರಿಂದ, ಡಲ್ಲಾಸ್‌ನಲ್ಲಿ ಕುಳಿತು ಅರ್ಜಿ ಹಾಕಿದರೂ ಅದು ಇಲ್ಲಿನ ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟಿಗೆ, ಅಂದರೆ ಎಲ್ಲರೂ ಇಡಿಡಿ ಎಂದು ಕರೆಯುವ ಇಲಾಖೆಗೆ ಬರಬೇಕು. ಇದು ನಿಮ್ಮ ಅದೃಷ್ಟವೆಂದೇ ಹೇಳಬೇಕು. 2009ರ ಕೇಂದ್ರ ಆರ್ಥಿಕ ಚೇತರಿಕೆ ಕಾಯಿದೆ ರಾಜ್ಯಗಳಿಗೆ 700 ಕೋಟಿ ಡಾಲರ್ ಪ್ರೋತ್ಸಾಹಧನ ತೆಗೆದಿಟ್ಟು, ಕೌಟುಂಬಿಕ ಅನಿವಾರ್ಯದಿಂದ ಕೆಲಸ ಬಿಟ್ಟವರಿಗೂ ಭತ್ಯೆ ಕೊಡುವಂತೆ ಹುರಿದುಂಬಿಸಿತು. ಆದರೆ ಅದರಲ್ಲಿ ಹೇಳಿದ್ದ ಸಂದರ್ಭ, ಸಂಗಾತಿಯ ಕೆಲಸದ ಸ್ಥಳ ಬದಲಾದಾಗ ಜೊತೆಯಲ್ಲಿ ಹೋಗಬೇಕಾಗಿ ಬರುವುದು. ಆ ಮಾತನ್ನೇ ಅಕ್ಷರಶಃ ಕಾನೂನಿಗೆ ಸೇರಿಸಿಕೊಂಡ ರಾಜ್ಯದಲ್ಲಿ ನಿಮ್ಮಂಥವರ ಸಂಗತಿ ಹೊರಗುಳಿಯುತ್ತದೆ, ಏಕೆಂದರೆ ನಿಮ್ಮ ವರನ ಕೆಲಸ ಎಲ್ಲಿಗೂ ಬದಲಾಗಿಲ್ಲ. ಅವರು ಮೊದಲಿನಿಂದ ಡಲ್ಲಾಸ್‌ನಲ್ಲೇ ಇದ್ದಾರೆ.

ಕ್ಯಾಲಿಫೋರ್ನಿಯಾದ ನಿರುದ್ಯೋಗ ವಿಮಾ ಸಂಹಿತೆಯ 1256ನೆಯ ಕಲಮು ಇದಕ್ಕಿಂತ ವಿಶಾಲವಾಗಿದೆ. ದಿನವೂ ಹೋಗಿಬರಲಾಗದಷ್ಟು ದೂರದ ಊರಿಗೆ ಸಂಗಾತಿಯ ಜೊತೆ ಹೋಗಲು, ಅಥವಾ ಅಲ್ಲಿ ಈಗಾಗಲೇ ಇರುವ ಸಂಗಾತಿಯನ್ನು ಸೇರಿಕೊಳ್ಳಲು ಕೆಲಸ ಬಿಟ್ಟರೆ ಅದನ್ನು ಸಕಾರಣವೆಂದು, ಅಂದರೆ ಭತ್ಯೆಗೆ ಅಡ್ಡಿಯಾಗದ ಕಾರಣವೆಂದು ಪರಿಗಣಿಸಬಹುದು ಎಂದು ಅದು ಹೇಳುತ್ತದೆ; ಮದುವೆ ಸನ್ನಿಹಿತವಾಗಿರುವ ವ್ಯಕ್ತಿಯೂ ಸಂಗಾತಿಯೇ ಎಂದು ಅದೇ ಕಲಮಿನಲ್ಲಿ ಬರೆದಿದೆ. ನಿಮ್ಮ ಅರ್ಜಿ ನಿಲ್ಲುವುದೂ ಬೀಳುವುದೂ ಈ ಸನ್ನಿಹಿತ ಎಂಬುದರ ಮೇಲೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ನಾರ್ಮನ್ ಮೊಕದ್ದಮೆಯಲ್ಲಿ, ಜೊತೆಗಾರನನ್ನು ಹಿಂಬಾಲಿಸಿ ವಾಷಿಂಗ್ಟನ್ ರಾಜ್ಯಕ್ಕೆ ಹೋಗಲು ಕೆಲಸ ಬಿಟ್ಟ ಮಹಿಳೆಗೆ ಭತ್ಯೆಯನ್ನು ನಿರಾಕರಿಸಿತು. ಮದುವೆಯಾಗದ ಸಂಬಂಧವೊಂದೇ ಸಕಾರಣವಾಗಲಾರದು ಎಂಬುದು ಆ ತೀರ್ಪಿನ ಸಾರ. ಮರುವರ್ಷ ಮ್ಯಾಕ್‌ಗ್ರೆಗರ್ ಮೊಕದ್ದಮೆಯಲ್ಲಿ, ಮಗುವಿದ್ದ ಜೋಡಿಯೊಂದು ಕಾಯಿಲೆಬಿದ್ದ ತಂದೆಯನ್ನು ನೋಡಿಕೊಳ್ಳಲು ನ್ಯೂಯಾರ್ಕಿಗೆ ಹೋದಾಗ, ಮದುವೆಯಾಗಿರದಿದ್ದರೂ ಕುಟುಂಬವನ್ನು ಒಟ್ಟಿಗಿಡುವುದು ಸಕಾರಣವೇ ಎಂದು ಅದೇ ನ್ಯಾಯಾಲಯ ಒಪ್ಪಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನ್ಯಾಯಾಧೀಶರು ಹುಡುಕುವುದು ಬಾಯಿಮಾತಿನ ಪ್ರೀತಿಯನ್ನಲ್ಲ, ಕಾಗದದಲ್ಲೋ ಸಂಸಾರದಲ್ಲೋ ಕಾಣುವ ಬದ್ಧತೆಯನ್ನು ಎಂಬುದು ಗೊತ್ತಾಗುತ್ತದೆ.

ಈ ವಿಷಯದಲ್ಲಿ ನಮ್ಮವರ ಮದುವೆಯಷ್ಟು ದಾಖಲೆಯಿರುವ ಮದುವೆ ಇನ್ನೊಂದಿರಲಾರದು. ಮುಹೂರ್ತದ ದಿನ ಅಚ್ಚಾಗಿರುವ ಲಗ್ನಪತ್ರಿಕೆ, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟ ರಸೀದಿ, ವಿಮಾನದ ಟಿಕೆಟು, ಡಲ್ಲಾಸ್ ಮನೆಯ ಬಾಡಿಗೆ ಕರಾರಿಗೆ ನಿಮ್ಮ ಹೆಸರನ್ನೂ ಸೇರಿಸಿದ ಪತ್ರ, ಇವನ್ನೆಲ್ಲ ಇಂದೇ ಒಂದು ಕಡೆ ಜೋಡಿಸಿಡಿ. ಲಗ್ನಪತ್ರಿಕೆಯನ್ನು ಇಂಗ್ಲಿಷಿನಲ್ಲೂ ಮಾಡಿಸಿ. ಮದುವೆಯಾದ ಮೇಲೆ ಮೈಸೂರು ಬಿಡುವ ಮೊದಲೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡಿ. ನೆಂಟರ ಮನೆಯ ಊಟಗಳ ನಡುವೆ ಇದನ್ನು ಮುಂದಕ್ಕೆ ಹಾಕಿ, ಆಮೇಲೆ ಇಲ್ಲಿಂದ ತರಿಸಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಇನ್ನು ರಾಜೀನಾಮೆಯ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಹೆಣ್ಣುಮಕ್ಕಳು ಕಳೆದುಕೊಳ್ಳುವುದೆಲ್ಲ ಹೆಚ್ಚಾಗಿ ಇಲ್ಲೇ. ಊರಿನ ಕಚೇರಿಗಳ ಅಭ್ಯಾಸದಂತೆ ನಾವು ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಎಂದು ಒಂದು ಸಾಲು ಬರೆದು, ನಾಲ್ಕು ಧನ್ಯವಾದ ಹೇಳಿ ಮುಗಿಸುತ್ತೇವೆ. ಮನೆಯ ವಿಷಯ ಕಚೇರಿಗೆ ಏಕೆ ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ನೀವು ಅರ್ಜಿ ಹಾಕಿದ ಕೂಡಲೇ ಇಡಿಡಿ ನಿಮ್ಮ ಕಂಪನಿಗೆ ನೋಟಿಸು ಕಳಿಸುತ್ತದೆ, ಕಂಪನಿಗೆ ಉತ್ತರಿಸಲು 10 ದಿನ ಇರುತ್ತದೆ, ಸಿಬ್ಬಂದಿ ವಿಭಾಗದವರು ನಿಮ್ಮ ಕಡತ ತೆಗೆದು ಅಲ್ಲಿರುವ ಆ ಒಂದು ಸಾಲನ್ನೇ ನಕಲು ಮಾಡುತ್ತಾರೆ. ಅವರಿಗೆ ನಿಮ್ಮ ಮೇಲೆ ಯಾವ ಹಗೆಯೂ ಇರುವುದಿಲ್ಲ. ಆಗ ನೀವು ಹೇಳುವ ಕಾರಣ ಒಂದು, ಕಡತ ಹೇಳುವುದು ಇನ್ನೊಂದು. ಆದ್ದರಿಂದ ಪತ್ರದಲ್ಲಿ ನಡೆದದ್ದನ್ನೇ ಬರೆಯಿರಿ: ಇಂಥ ದಿನ ನನ್ನ ಮದುವೆ, ಪತಿಯಾಗುವವರು ವಾಸಿಸುವುದು ಟೆಕ್ಸಾಸಿನ ಡಲ್ಲಾಸ್‌ನಲ್ಲಿ, ಅಲ್ಲಿಂದ ಫ್ರೆಸ್ನೋಗೆ ಹೋಗಿಬರುವುದು ಸಾಧ್ಯವಿಲ್ಲ, ಈ ಕಾರಣಕ್ಕಾಗಿಯೇ ಕೆಲಸ ಬಿಡುತ್ತಿದ್ದೇನೆ. ಇಷ್ಟೇ ಸಾಕು.

ಆ ಪತ್ರಕ್ಕೂ ಮೊದಲು ಇನ್ನೊಂದು ಪತ್ರ ಹೋಗಬೇಕು. ಕೆಲಸ ಉಳಿಸಿಕೊಳ್ಳಲು ನೀವು ಸಮಂಜಸವಾದ ಪ್ರಯತ್ನ ಮಾಡಿದಿರೇ ಎಂದು ಇಡಿಡಿಯ ಅಧಿಕಾರಿ ಫೋನಿನಲ್ಲಿ ಖಂಡಿತ ಕೇಳುತ್ತಾರೆ. ಮದುವೆಗೆ ಸಂಬಳವಿಲ್ಲದ ರಜೆ ಕೊಡುವಿರಾ, ಡಲ್ಲಾಸ್‌ನಿಂದ ಮನೆಯಲ್ಲೇ ಕುಳಿತು ಇದೇ ಕೆಲಸ ಮಾಡಬಹುದೇ, ಟೆಕ್ಸಾಸಿನಲ್ಲಿ ನಿಮ್ಮ ಶಾಖೆಯಿದ್ದರೆ ವರ್ಗ ಮಾಡುವಿರಾ ಎಂದು ಮೇಲಧಿಕಾರಿಗೆ ಈಮೇಲಿನಲ್ಲಿ ಕೇಳಿ, ಬಂದ ಉತ್ತರವನ್ನು ಉಳಿಸಿಕೊಳ್ಳಿ. ಎದುರಿಗೆ ಕೂತು ಕೇಳಿದ್ದಕ್ಕೆ ಸಾಕ್ಷಿಯಿಲ್ಲ. ಲೆಕ್ಕಪತ್ರದ ಕೆಲಸವಾದ್ದರಿಂದ ಅವರು ಒಪ್ಪಿದರೂ ಒಪ್ಪಬಹುದು. ಹಾಗಾದರೆ ಭತ್ಯೆಯ ಪ್ರಶ್ನೆಯೇ ಇಲ್ಲದೆ ಸಂಬಳವೇ ಉಳಿಯುತ್ತದೆ, ನನ್ನನ್ನು ಕೇಳಿದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಡಿಸೆಂಬರ್ ಕೊನೆಗೇ ಬಿಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಜವಳಿ, ಒಡವೆ, ಕರೆಯೋಲೆಗಳ ಓಡಾಟಕ್ಕೆ ಸಮಯ ಬೇಕು ಎನ್ನುವುದು ನ್ಯಾಯವೇ. ಆದರೆ ಮದುವೆಗೆ ಎರಡು ತಿಂಗಳ ಮೊದಲೇ ಬಿಟ್ಟು ಫ್ರೆಸ್ನೋದಲ್ಲೇ ಉಳಿದರೆ, ನೀವು ಬಿಟ್ಟದ್ದು ಪತಿಯನ್ನು ಸೇರಲೋ ಅಥವಾ ತಯಾರಿಗೆ ಬಿಡುವು ಬೇಕೆಂದೋ ಎಂಬ ಪ್ರಶ್ನೆ ಏಳುತ್ತದೆ. ಜನವರಿ ಪೂರ್ತಿ ದುಡಿದು, ಪ್ರಯಾಣದ ದಿನಕ್ಕೆ ಹತ್ತಿರವಾಗಿ ಕೆಲಸ ಬಿಡಿ. ಕಂಪನಿ ರಜೆ ಕೊಟ್ಟರೆ, ಮದುವೆ ಮುಗಿಸಿ ಬಂದ ಮೇಲೆ ಡಲ್ಲಾಸ್‌ಗೆ ಸಾಮಾನು ಸಾಗಿಸುವ ಹೊತ್ತಿಗೆ ರಾಜೀನಾಮೆ ಕೊಡುವುದು ಇನ್ನೂ ಗಟ್ಟಿ. ಆಗ ನೀವು ಕಾನೂನಿನ ಕಣ್ಣಿನಲ್ಲಿ ಹೆಂಡತಿಯೇ ಆಗಿರುತ್ತೀರಿ, ಸನ್ನಿಹಿತವೋ ಅಲ್ಲವೋ ಎಂಬ ಚರ್ಚೆಗೆ ಎಡೆಯೇ ಇರುವುದಿಲ್ಲ.

ಭಾರತದಲ್ಲಿರುವ ವಾರಗಳಿಗೆ ಹಣವಿಲ್ಲ. ಭತ್ಯೆ ಪಡೆಯುವ ಪ್ರತಿ ವಾರವೂ ನೀವು ದುಡಿಯಲು ಶಕ್ತರಾಗಿ, ಸಿದ್ಧರಾಗಿ, ಕೆಲಸ ಹುಡುಕುತ್ತಿರಬೇಕು. ಎರಡು ವಾರಕ್ಕೊಮ್ಮೆ ಇದರ ಬಗ್ಗೆ ಇಡಿಡಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮೈಸೂರಿನಿಂದ ಆ ಪ್ರಶ್ನೆಗಳಿಗೆ ಹೌದು ಎಂದು ಒತ್ತುವುದು ಸುಳ್ಳು ಹೇಳಿಕೆಯಾಗುತ್ತದೆ; ಸಿಕ್ಕಿಬಿದ್ದರೆ ಪಡೆದ ಹಣದ ಜೊತೆ ಅದರ ಮೇಲೆ ಶೇಕಡ 30ರಷ್ಟು ದಂಡವನ್ನೂ ಕಟ್ಟಬೇಕು. ಡಲ್ಲಾಸ್‌ಗೆ ಬಂದ ಮೇಲೂ, ಹೊಸ ಸೊಸೆ ಒಂದಷ್ಟು ದಿನ ಮನೆಯಲ್ಲಿರಲಿ ಎಂದು ಹಿರಿಯರು ಅಕ್ಕರೆಯಿಂದ ಹೇಳಿ ನೀವೂ ಒಪ್ಪಿದರೆ, ಆ ದಿನಗಳಿಗೂ ಭತ್ಯೆ ಕೇಳುವಂತಿಲ್ಲ. ಟೆಕ್ಸಾಸಿನ ಉದ್ಯೋಗ ಸೇವೆಯಲ್ಲಿ ಹೆಸರು ನೋಂದಾಯಿಸಿ, ಎಲ್ಲೆಲ್ಲಿ ಅರ್ಜಿ ಹಾಕಿದಿರಿ ಎಂಬುದನ್ನು ತಾರೀಖಿನೊಡನೆ ಬರೆದಿಟ್ಟುಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ನಿಮಗೆ ಹೇಳಿಕೊಡಬೇಕಾದದ್ದಲ್ಲ, ನಿಯಮ ಹೇಳಿದರೆ ಸಾಕು. ಮುಗಿದಿರುವ ಕೊನೆಯ ಐದು ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕರ ಸಂಬಳವನ್ನು ನೋಡುತ್ತಾರೆ. ಅವುಗಳಲ್ಲಿ ಅತಿ ಹೆಚ್ಚು ಸಂಬಳ ಬಂದ ತ್ರೈಮಾಸಿಕವನ್ನು 26ರಿಂದ ಭಾಗಿಸಿದರೆ ಹೆಚ್ಚುಕಡಿಮೆ ನಿಮ್ಮ ವಾರದ ಭತ್ಯೆ. ಮಿತಿ 450 ಡಾಲರ್. ನಿಮಗೆ ಮೂರು ತಿಂಗಳಿಗೆ 12,600 ಬರುವುದರಿಂದ ಆ ಮಿತಿ ತಲುಪುತ್ತೀರಿ. ಒಟ್ಟು ಮೊತ್ತ 26 ವಾರದ ಭತ್ಯೆ, ಅಥವಾ ಆ ನಾಲ್ಕು ತ್ರೈಮಾಸಿಕಗಳ ಸಂಬಳದ ಅರ್ಧ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮಾರ್ಚ್ ಒಳಗೆ ಅರ್ಜಿ ಹಾಕಿದರೆ ಹಿಂದಿನ ಸೆಪ್ಟೆಂಬರ್‌ವರೆಗಿನ ಸಂಬಳ ಮಾತ್ರ ಲೆಕ್ಕಕ್ಕೆ ಸಿಗುತ್ತದೆ: ನಾಲ್ಕು ತಿಂಗಳ 16,800, ಅದರ ಅರ್ಧ 8,400. ಏಪ್ರಿಲ್‌ನಲ್ಲಿ ಹಾಕಿದರೆ ಜನವರಿಯಿಂದ ಡಿಸೆಂಬರ್‌ವರೆಗಿನ ಪೂರ್ತಿ ವರ್ಷ ನೋಡುತ್ತಾರೆ: ಏಳು ತಿಂಗಳ 29,400, ಅದರ ಅರ್ಧ 14,700, ಅದು 26 ವಾರದ 11,700ಕ್ಕಿಂತ ಹೆಚ್ಚಾದ್ದರಿಂದ ನಿಮಗೆ ಪೂರ್ತಿ 11,700 ಸಲ್ಲುತ್ತದೆ. ನೀವು ಡಲ್ಲಾಸ್ ತಲುಪುವುದೇ ಮಾರ್ಚ್ ಕೊನೆಗೆ. ಅರ್ಜಿಯ ವಾರ ಭಾನುವಾರದಿಂದ ಶುರುವಾಗುತ್ತದೆ, ಆದ್ದರಿಂದ ಏಪ್ರಿಲ್‌ನ ಮೊದಲ ಭಾನುವಾರ ಬರುವ ತನಕ ತಡೆದು ಅರ್ಜಿ ಹಾಕಿ. ಒಂದು ವಾರದ ತಾಳ್ಮೆಗೆ 3,300 ಡಾಲರಿನ ವ್ಯತ್ಯಾಸವಿದೆ. ಮೊದಲ ಅರ್ಹ ವಾರ ಕಾಯುವ ವಾರ, ಅದಕ್ಕೆ ಹಣ ಬರುವುದಿಲ್ಲ. ಬಂದ ಹಣದ ಮೇಲೆ ಕೇಂದ್ರ ಆದಾಯ ತೆರಿಗೆ ಇದೆ. ಶೇಕಡ 10ರಷ್ಟನ್ನು ಮೊದಲೇ ಹಿಡಿಯುವಂತೆ ಕೇಳಿಕೊಳ್ಳಬಹುದು.

ಸರ್ಕಾರದ ದುಡ್ಡಿಗೆ ಕೈಯೊಡ್ಡಿದಂತಾಗುವುದಿಲ್ಲವೇ, ಮುಂದೆ ಪೌರತ್ವಕ್ಕೆ ಅಡ್ಡಿಯಾಗುವುದಿಲ್ಲವೇ ಎಂದು ನಿಮ್ಮ ತಂದೆಯವರು ಆತಂಕಪಟ್ಟಿದ್ದಾರೆಂದು ಬರೆದಿದ್ದೀರಿ. ಅವರಿಗೆ ನನ್ನ ಪರವಾಗಿ ಹೇಳಿ: ಇದು ವಿಮೆ. ನಿಮ್ಮ ದುಡಿಮೆಯ ಲೆಕ್ಕದಲ್ಲಿ ಮಾಲೀಕರು ಕಟ್ಟಿದ ಕಂತಿನಿಂದ ಬರುವ ಹಣವೇ ಹೊರತು ಬಡವರ ಸಹಾಯಧನವಲ್ಲ, ವಲಸೆ ಇಲಾಖೆಯೂ ಇದನ್ನು ಸರ್ಕಾರಕ್ಕೆ ಹೊರೆಯಾದವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪನಿಗೆ ನಷ್ಟವಾಗುತ್ತದೆಂಬ ಅಳುಕೂ ಬೇಡ. ಸಂಗಾತಿಯ ಜೊತೆ ಹೋಗಲು ಬಿಟ್ಟವರ ಭತ್ಯೆ ತಮ್ಮ ವಿಮಾ ತೆರಿಗೆಯ ಖಾತೆಗೆ ಬೀಳದಂತೆ ಕೇಳಿಕೊಳ್ಳಲು ಕಂಪನಿಗೂ ಅವಕಾಶವಿದೆ. ಆದರೆ ನಿಮ್ಮ ಜೊತೆ ಮನೆ ಹಂಚಿಕೊಂಡಿರುವ, ಎಚ್-1ಬಿ ವೀಸಾದ ಗೆಳತಿಗೆ ಈ ಉತ್ತರವನ್ನು ದಾಟಿಸಬೇಡಿ. ಅವರ ಅನುಮತಿ ಒಬ್ಬ ಮಾಲೀಕರಿಗೆ ಕಟ್ಟಿದ್ದು. ಕೆಲಸ ಬಿಟ್ಟರೆ ಇನ್ನೆಲ್ಲಾದರೂ ದುಡಿಯಲು ಸಿದ್ಧಳಿದ್ದೇನೆ ಎನ್ನುವ ಸ್ಥಿತಿಯಲ್ಲೇ ಅವರಿರುವುದಿಲ್ಲ, ಮೇಲಾಗಿ ಹೆಚ್ಚೆಂದರೆ 60 ದಿನಗಳಲ್ಲಿ ಬೇರೆ ದಾರಿ ಹುಡುಕಬೇಕು. ಅವರು ವಲಸೆ ವಕೀಲರನ್ನು ಕಾಣಲಿ.

ಫೋನಿನ ಸಂದರ್ಶನದಲ್ಲಿ ಹೇಗೆ ಮಾತನಾಡಬೇಕೆಂದು ಕೇಳಿದ್ದೀರಿ. ಕೇಳಿದ್ದಕ್ಕಷ್ಟೇ, ತಾರೀಖುಗಳ ಸಮೇತ ಉತ್ತರಿಸಿ. ಬೇಸರಗೊಂಡು ಬಿಟ್ಟೆ, ಕೆಲಸ ಅಷ್ಟೇನೂ ಚೆನ್ನಾಗಿರಲಿಲ್ಲ ಎಂಬಂಥ ಮಾತು ನಿಜವಲ್ಲದಿದ್ದರೆ ಸುಮ್ಮನೆ ಸೇರಿಸಬೇಡಿ. ಮದುವೆಯೇ ಮುಖ್ಯ ಕಾರಣವಾಗಿದ್ದಾಗ ಅದನ್ನೇ ಹೇಳಿ. ಹಾಗಿದ್ದೂ ಅರ್ಜಿ ತಿರಸ್ಕಾರವಾದರೆ, ನೋಟಿಸಿನ ಮೇಲಿರುವ ಅಂಚೆ ದಿನಾಂಕದಿಂದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅದನ್ನು ಕೇಳುವವರು ಇಡಿಡಿಯ ಅಧಿಕಾರಿಯಲ್ಲ, ಪ್ರತ್ಯೇಕ ಮಂಡಳಿಯ ಆಡಳಿತ ನ್ಯಾಯಾಧೀಶರು, ವಿಚಾರಣೆಯನ್ನು ಡಲ್ಲಾಸ್‌ನಿಂದ ಫೋನಿನಲ್ಲೇ ಮುಗಿಸಬಹುದು. ಲಗ್ನಪತ್ರಿಕೆ, ಈಮೇಲು, ವಿವಾಹ ಪ್ರಮಾಣಪತ್ರ ಇವೆಲ್ಲ ಆಗ ಕೆಲಸಕ್ಕೆ ಬರುತ್ತವೆ. ತೀರ್ಪು ಬರುವ ತನಕ ಎರಡು ವಾರಕ್ಕೊಮ್ಮೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಗೆದ್ದ ಮೇಲೂ ಆ ವಾರಗಳ ಹಣ ಸಿಗುವುದು ಕಷ್ಟ. ಸೋತರೂ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲ: ಮುಂದಿನ ಕೆಲಸದಲ್ಲಿ ವಾರದ ಭತ್ಯೆಯ ಐದು ಪಟ್ಟು, ಅಂದರೆ ನಿಮ್ಮ ಲೆಕ್ಕಕ್ಕೆ 2,250 ಡಾಲರ್ ದುಡಿದರೆ, ಈ ಅನರ್ಹತೆ ಕಳೆದುಹೋಗುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಆರೋಗ್ಯ ವಿಮೆಯ ಮಾತೊಂದಿದೆ. ಮದುವೆಯಾದ 30 ದಿನಗಳೊಳಗೆ ನಿಮ್ಮವರ ಕಂಪನಿಯ ವಿಮೆಯಲ್ಲಿ ನಿಮ್ಮ ಹೆಸರು ಸೇರಿಸುವಂತೆ ಅವರಿಗೆ ಈಗಲೇ ಹೇಳಿಡಿ. ಆ ಗಡುವಿನ ಹೆಚ್ಚಿನ ದಿನಗಳು ನೀವಿಬ್ಬರೂ ಮೈಸೂರಿನಲ್ಲಿರುವಾಗಲೇ ಕಳೆದುಹೋಗುತ್ತವೆ, ಆದ್ದರಿಂದ ಅರ್ಜಿಯ ನಮೂನೆಯನ್ನು ಹೊರಡುವ ಮೊದಲೇ ಅವರು ತರಿಸಿಟ್ಟುಕೊಂಡಿರಲಿ.