ಊರ ಮಗ್ಗುಲಿಗೆ ಗಾಳಿ ಫ್ಯಾನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಗದಗ, ಕೊಪ್ಪಳ, ವಿಜಯಪುರ ಕಡೆಯ ಓದುಗರು ಗಾಳಿ ವಿದ್ಯುತ್ ಯೋಜನೆಗಳ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ಹೊಲದ ಮನೆಯಿಂದ 400 ಮೀಟರ್ ಆಚೆ ಫ್ಯಾನಿಗೆ ಗುರುತಿನ ಕಲ್ಲು ನೆಟ್ಟಿದ್ದಾರೆ. ಊರವರನ್ನು ಯಾರೂ ಕೇಳಿಲ್ಲ. ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲವೇ? ತಕರಾರು ಎಲ್ಲಿ ಹಾಕಬೇಕು?

ಕಡ್ಡಾಯವಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಆದ್ದರಿಂದ ಗಣಿಗೋ ಸಿಮೆಂಟ್ ಕಾರ್ಖಾನೆಗೋ ನಡೆಯುವಂಥ ಅಹವಾಲು ಸಭೆ ಇದಕ್ಕೆ ನಡೆಯುವುದಿಲ್ಲ. ಇದು ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಇನ್ನೂರು ಮೀಟರ್ ಎತ್ತರದ ಯಂತ್ರ ಊರ ಪಕ್ಕ ಬರುವಾಗ ಊರವರ ಮಾತಿಗೆ ಒಂದು ದಿನವಾದರೂ ಇರಬೇಕಿತ್ತು. ಆದರೆ ‘ಸಭೆ ಮಾಡಿಲ್ಲ’ ಎಂಬುದೊಂದನ್ನೇ ಬರೆದರೆ ಅರ್ಜಿ ಮುಂದೆ ಹೋಗುವುದಿಲ್ಲ.

ನಿಮ್ಮ ಗಟ್ಟಿ ಆಧಾರ ದೂರ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸದ್ದಿನ ಕಾರಣಕ್ಕೆ ವಾಸದ ಮನೆಯಿಂದ ಕನಿಷ್ಠ 500 ಮೀಟರ್ ಬಿಡಬೇಕು. ರಸ್ತೆ, ಕಟ್ಟಡ, ದೊಡ್ಡ ವಿದ್ಯುತ್ ಮಾರ್ಗಗಳಿಗೆ ಬೇರೆ ಲೆಕ್ಕ: ಕಂಬದ ಎತ್ತರಕ್ಕೆ ರೆಕ್ಕೆಗಳ ಸುತ್ತಿನ ವ್ಯಾಸದ ಅರ್ಧ ಕೂಡಿಸಿ, ಮೇಲೆ 5 ಮೀಟರ್ ಸೇರಿಸಬೇಕು. 140 ಮೀಟರ್ ಕಂಬ, 150 ಮೀಟರ್ ವ್ಯಾಸವಿದ್ದರೆ 220 ಮೀಟರ್ ಆಯಿತು. ಶಾಲೆಗೆ ಹೋಗುವ ರಸ್ತೆ ಅದರೊಳಗೆ ಬಂದರೆ ಅದನ್ನೂ ಬರೆಯಿರಿ.

ಎಡವಟ್ಟಾಗುವುದು ಹೊಲದ ಮನೆಗಳ ವಿಷಯದಲ್ಲೇ. ಗ್ರಾಮಠಾಣಾದ ಆಚೆ ಇರುವ ಮನೆ ಪಂಚಾಯಿತಿ ದಾಖಲೆಯಲ್ಲಿ ಹಲವು ಬಾರಿ ಇರುವುದೇ ಇಲ್ಲ. ಹಾಗಾಗಿ ಕಂಪನಿಯ ನಕ್ಷೆಯಲ್ಲೂ ಅದು ಖಾಲಿ ಹೊಲ. ಅಲ್ಲಿ ಜನ ವಾಸವಿದ್ದಾರೆ ಎನ್ನುವುದನ್ನು ನೀವೇ ತೋರಿಸಬೇಕು. ಆರ್.ಆರ್. ನಂಬರ್ ಇರುವ ಕರೆಂಟ್ ಬಿಲ್, ಪಡಿತರ ಚೀಟಿ, ಮನೆ ತೆರಿಗೆ ರಸೀದಿ, ಕಲ್ಲು ಮತ್ತು ಮನೆ ಎರಡೂ ಕಾಣುವ ಫೋಟೋ ಜೋಡಿಸಿ. ಮೊಬೈಲಿನ ಜಿಪಿಎಸ್‌ನಲ್ಲಿ ಎರಡೂ ಜಾಗದ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ.

ಅರ್ಜಿ ಮೂರು ಕಡೆ ಹೋಗಲಿ: ಯೋಜನೆ ಹಂಚುವ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್, ಜಿಲ್ಲಾಧಿಕಾರಿ, ಗ್ರಾಮ ಪಂಚಾಯಿತಿ. ಸರ್ವೆ ನಂಬರ್ ಹಾಕಿ, ‘ಈ ಯಂತ್ರವನ್ನು ಇಷ್ಟು ಮೀಟರ್ ಸರಿಸಿ’ ಎಂದು ಸ್ಪಷ್ಟವಾಗಿ ಕೇಳಿ. ಪ್ರತಿಯೊಂದಕ್ಕೂ ಮೊಹರು ಹಾಕಿಸಿದ ಸ್ವೀಕೃತಿ ಇಟ್ಟುಕೊಳ್ಳಿ. ಜೊತೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಹಂಚಿಕೆ ಆದೇಶ, ಪ್ರತಿ ಯಂತ್ರದ ಜಾಗ ಮತ್ತು ಪಂಚಾಯಿತಿ ಕೊಟ್ಟ ನಿರಾಕ್ಷೇಪಣಾ ಪತ್ರದ ನಕಲು ಕೇಳಿ. ಉತ್ತರಕ್ಕೆ 30 ದಿನ. ಇದೆಲ್ಲ ಪಾಯ ತೋಡುವ ಮೊದಲೇ ಆಗಬೇಕು. ಕಾಂಕ್ರೀಟ್ ಬಿದ್ದ ಮೇಲೆ ಯಂತ್ರ ಸರಿಸುವ ಮಾತು ಮುಗಿದಂತೆ. ಉಳಿಯುವುದು ಪರಿಹಾರದ ಮಾತು ಮಾತ್ರ.

ಹೋದ ವರ್ಷದಿಂದ ಫ್ಯಾನು ತಿರುಗುತ್ತಿದೆ. ಹಗಲು ಅಷ್ಟಿಲ್ಲ, ರಾತ್ರಿ ಮಲಗಲಾಗುವುದಿಲ್ಲ. ಅಧಿಕಾರಿಗಳು ಬಂದಾಗ ಸದ್ದೇ ಇರುವುದಿಲ್ಲ.

ನೀವು ಹೇಳುವುದು ನಿಜ, ಅದಕ್ಕೆ ಕಾರಣವೂ ಇದೆ. ಸಂಜೆ ನೆಲ ತಣಿದ ಮೇಲೆ ಅಂಗಳದಲ್ಲಿ ಎಲೆಯೂ ಅಲ್ಲಾಡುವುದಿಲ್ಲ. ನೂರು ಮೀಟರ್ ಮೇಲೆ ಮಾತ್ರ ಗಾಳಿ ಜೋರಾಗಿಯೇ ಇರುತ್ತದೆ. ಸದ್ದನ್ನು ಮುಚ್ಚುವ ಗಿಡಮರದ ಸಪ್ಪಳ ಇಲ್ಲದ್ದರಿಂದ ರೆಕ್ಕೆಯ ‘ಹುಷ್ ಹುಷ್’ ಎದ್ದು ಕೇಳುತ್ತದೆ. ನಿಮಿಷಕ್ಕೆ 12 ಸುತ್ತು ತಿರುಗುವ ಮೂರು ರೆಕ್ಕೆಯ ಯಂತ್ರ 36 ಸಲ ಹಾಗೆ ಸದ್ದು ಮಾಡುತ್ತದೆ. ಒಂದೇ ಸಮನೆ ಬರುವ ಸದ್ದಿಗಿಂತ ಈ ಏರಿಳಿತದ ಸದ್ದು ನಿದ್ದೆಯನ್ನು ಹೆಚ್ಚು ಕೆಡಿಸುತ್ತದೆ. ಮಧ್ಯಾಹ್ನ 12ಕ್ಕೆ ಬಂದು ಅಳೆದರೆ ಇದು ಸಿಗುವುದಿಲ್ಲ.

2000ದ ಶಬ್ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ದೊಡ್ಡ ಯಂತ್ರವೊಂದರ ಸದ್ದು 500 ಮೀಟರ್ ದೂರದಲ್ಲಿ ಸಾಮಾನ್ಯವಾಗಿ 40ರ ಆಸುಪಾಸು, 300 ಮೀಟರಿನಲ್ಲಿ 45 ದಾಟಬಹುದು. ಹೀಗಾಗಿ ಮನೆ 500 ಮೀಟರಿಗಿಂತ ದೂರವಿದ್ದರೆ ಡೆಸಿಬೆಲ್ ಲೆಕ್ಕದಲ್ಲಿ ಗೆಲ್ಲುವುದು ಕಷ್ಟ. ಹತ್ತಿರವಿದ್ದರೆ ದೂರದ ನಿಯಮವನ್ನೇ ಮುಂದಿಡಿ. ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಗಂಟೆ, ಗಾಳಿಯ ದಿಕ್ಕು, ಯಾವ ಯಂತ್ರ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ. ಆ ಪಟ್ಟಿ ತೋರಿಸಿ, ಅದೇ ಗಾಳಿ ಇರುವ ರಾತ್ರಿಯಲ್ಲಿ ಅಳತೆ ಮಾಡಿಸಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೇಳಿ. ರೆಕ್ಕೆಯ ಕೋನ ಬದಲಿಸಿ ಕಡಿಮೆ ಸದ್ದಿನಲ್ಲಿ ಓಡಿಸುವ ಸೌಲಭ್ಯ ಈಗಿನ ಯಂತ್ರಗಳಲ್ಲಿ ಸಾಮಾನ್ಯ. ರಾತ್ರಿ ಹಾಗೆ ಓಡಿಸಿ ಎಂದು ಕಂಪನಿಗೆ ಲಿಖಿತವಾಗಿ ಕೇಳಿ. ಹಾಗೆ ಓಡಿಸಿದರೆ ಕರೆಂಟ್ ಸ್ವಲ್ಪ ಕಡಿಮೆ ಬರುವುದರಿಂದ ಈ ಸೌಲಭ್ಯದ ಮಾತನ್ನು ಅವರು ತಾವಾಗಿ ಎತ್ತುವುದಿಲ್ಲ.

ಫ್ಯಾನು ಮೋಡ ಓಡಿಸುತ್ತವೆ, ಅದಕ್ಕೇ ಮಳೆಯಿಲ್ಲ ಎಂದು ಅರ್ಜಿಯಲ್ಲಿ ಬರೆಯಬಹುದೇ?

ದಯವಿಟ್ಟು ಬರೆಯಬೇಡಿ. ರೆಕ್ಕೆಯ ತುದಿ ಮುಟ್ಟುವುದು ಸುಮಾರು 200 ಮೀಟರ್. ಮಳೆ ಮೋಡದ ತಳವೇ ಅದಕ್ಕಿಂತ ಬಹಳ ಮೇಲೆ, ತುದಿ ಹಲವು ಕಿಲೋಮೀಟರ್ ಎತ್ತರದಲ್ಲಿ. ಯಂತ್ರದ ಹಿಂದೆ ಗಾಳಿ ಕಲಕಿ ರಾತ್ರಿ ನೆಲದ ಮೇಲಿನ ತಾಪ ತುಸು ಏರಬಹುದು, ಮಳೆ ಓಡುವುದಿಲ್ಲ. ಈ ಒಂದು ಸಾಲು ಅರ್ಜಿಯಲ್ಲಿದ್ದರೆ ಅಧಿಕಾರಿ ಅದನ್ನೇ ಹಿಡಿದುಕೊಂಡು ಉಳಿದ ಹತ್ತು ನಿಜವಾದ ದೂರುಗಳನ್ನು ಬದಿಗೆ ಸರಿಸುತ್ತಾರೆ.

ನಮ್ಮದು ಎರೆ ಹೊಲ. ಫ್ಯಾನಿನ ರಸ್ತೆ ಹಾಕಿದ ಮೇಲೆ ಮೇಲಿನ ಹೊಲದಲ್ಲಿ ನೀರು ನಿಂತು ಕಡಲೆ ಕೊಳೆತಿದೆ.

ಊರಿಗೆ ಅತಿ ಹೆಚ್ಚು ಹಾನಿ ಆಗುವುದು ಇಲ್ಲಿಯೇ, ಅತಿ ಕಡಿಮೆ ಚರ್ಚೆಯಾಗುವುದೂ ಇದೇ. 70 ಮೀಟರ್ ಉದ್ದದ ರೆಕ್ಕೆ ಹೊತ್ತ ಟ್ರೇಲರ್, ದೊಡ್ಡ ಕ್ರೇನ್ ಓಡಾಡಲು ಗರಸು ಸುರಿದು ರಸ್ತೆಯನ್ನು ಹೊಲಕ್ಕಿಂತ ಎರಡು ಮೂರು ಅಡಿ ಎತ್ತರಿಸುತ್ತಾರೆ. ಇಳಿಜಾರಿಗೆ ಅಡ್ಡ ಹಾಯ್ದರೆ ಅದು ರಸ್ತೆಯಲ್ಲ, ಒಡ್ಡು. ನಡುವೆ ಒಂದಡಿ ಪೈಪ್ ಹಾಕಿದರೂ ಮೊದಲ ಮಳೆಗೇ ಎರೆಮಣ್ಣು ಕಟ್ಟಿ ಮುಚ್ಚಿಹೋಗುತ್ತದೆ. ಮೇಲೆ ನೀರು ನಿಲ್ಲುತ್ತದೆ; ಕೆಳಗೆ ಪೈಪಿನ ಬಾಯಿಂದ ನೀರು ಒಮ್ಮೆಲೆ ನುಗ್ಗಿ ಹೊಲ ಕೊರೆಯುತ್ತದೆ.

ನೀರು ಹರಿಯುವ ಪ್ರತಿ ತಗ್ಗಿನಲ್ಲೂ ಕನಿಷ್ಠ 600 ಮಿಲಿಮೀಟರಿನ ಪೈಪ್, ಹಳ್ಳದ ಕಡೆ ಅದಕ್ಕೂ ದೊಡ್ಡದು, ಎರಡೂ ಬಾಯಿಗೆ ಕಲ್ಲು ಕಟ್ಟಿಸಿ ಎಂದು ಕೇಳಿ. ಕ್ರೇನ್ ನಿಂತ ಜಾಗದಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ. ಕೆಲಸ ಮುಗಿದ ಮೇಲೆ ಗರಸು ತೆಗೆಸಿ, ಆಳವಾಗಿ ಉಳುಮೆ ಮಾಡಿಸಿ, ಮೇಲ್ಮಣ್ಣು ವಾಪಸ್ ಹರಡಿಸಬೇಕು. ಮೇಲ್ಮಣ್ಣನ್ನು ಮೊದಲೇ ಬೇರೆ ಗುಡ್ಡೆ ಹಾಕಿಸದಿದ್ದರೆ ಅದು ಪಾಯದ ಮಣ್ಣಿನಲ್ಲಿ ಬೆರೆತುಹೋಗುತ್ತದೆ. ಈಗಾಗಲೇ ಬೆಳೆ ಹೋಗಿದ್ದರೆ ನೀರು ನಿಂತಿರುವಾಗಲೇ ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ. ರಸ್ತೆ ಹಳೆಯ ಬಂಡಿದಾರಿಯ ಮೇಲೆ ಬಂದಿದೆಯೇ ಎಂದು ಗ್ರಾಮ ನಕಾಶೆಯಲ್ಲಿ ನೋಡಿ. ಬಂದಿದ್ದರೆ ಅದು ಎಲ್ಲರ ದಾರಿ, ಗೇಟು ಹಾಕುವಂತಿಲ್ಲ.

ಜಮೀನು ಕೊಡಲು ಅಣ್ಣ ಒಪ್ಪಿ 100 ರೂಪಾಯಿ ಛಾಪಾ ಕಾಗದಕ್ಕೆ ಸಹಿ ಹಾಕಿದ್ದಾರೆ. ಪಹಣಿ ಜಂಟಿಯಾಗಿದೆ. ನಾನು ತಡೆಯಬಹುದೇ?

ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನಿಮ್ಮ ಪಾಲಿನ ಮೇಲೆ ನಿಮ್ಮ ಸಹಿ ಇಲ್ಲದೆ ಗುತ್ತಿಗೆ ನಿಲ್ಲುವುದಿಲ್ಲ. ಉಪನೋಂದಣಾಧಿಕಾರಿ, ತಹಶೀಲ್ದಾರ್ ಇಬ್ಬರಿಗೂ ಲಿಖಿತ ತಕರಾರು ಕೊಟ್ಟು, ಅಗತ್ಯ ಬಿದ್ದರೆ ವಕೀಲರ ಮೂಲಕ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಮುಂಗಡ ಅನುಮತಿಯೂ ಬೇಕು.

ಮನೆಯವರೆಲ್ಲ ಒಪ್ಪಿ ಕೊಡುವುದೇ ಆದರೂ, ಕೊನೆಗೆ ಯಂತ್ರ ತೆಗೆಯುವವರು ಯಾರು ಎಂಬ ಷರತ್ತಿಲ್ಲದೆ ಸಹಿ ಬೇಡ. ಒಂದು ಪಾಯದಲ್ಲಿ 500 ಘನ ಮೀಟರ್ ಕಾಂಕ್ರೀಟ್ ಹೋದರೆ ಅದರ ತೂಕ ಸುಮಾರು 1,200 ಟನ್. ನೆಲಮಟ್ಟದಿಂದ ಕನಿಷ್ಠ ಒಂದೂವರೆ ಮೀಟರ್ ಆಳದವರೆಗೆ ಒಡೆದು ತೆಗೆದು ಮಣ್ಣು ತುಂಬಬೇಕು, ಅದರ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಇಡಬೇಕು, ಕಂಪನಿ ಕೈ ಬದಲಾದರೂ ಈ ಷರತ್ತು ಹೊಸಬರ ಮೇಲೂ ನಿಲ್ಲಬೇಕು ಎಂದು ಪತ್ರದಲ್ಲಿ ಬರೆಸಿ. ನೋಂದಣಿಯಾದ ಮೇಲೆ ಪಹಣಿಯ 11ನೇ ಕಾಲಂನಲ್ಲಿ ಏನು ಬಂದಿದೆ ಎಂದು ತೆಗೆಸಿ ನೋಡಿ. ಗುತ್ತಿಗೆಯ ವಿಸ್ತೀರ್ಣ ಎರಡು ಎಕರೆ ಇದ್ದರೆ ಅಲ್ಲಿಯೂ ಎರಡು ಎಕರೆಯೇ ಇರಬೇಕು, ಇಡೀ ಸರ್ವೆ ನಂಬರ್ ಅಲ್ಲ.