ಇಂಗ್ಲೆಂಡಿನ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ಗೆ ಖಾಸಗಿ ಕಂಪನಿ 100 ಪೌಂಡ್ ಕೇಳಿದೆ, ಕಟ್ಟಲೇಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದಿದ್ದೀರಿ, ಕಾರು ನಿಮ್ಮ ಹೆಸರಿನಲ್ಲಿದೆ, ಆ ದಿನ ಓಡಿಸಿದ್ದು ನಿಮ್ಮ ಪತ್ನಿ. ಎರಡು ಗಂಟೆ ಉಚಿತವಾಗಿ ನಿಲ್ಲಿಸಬಹುದಾದ ಜಾಗದಲ್ಲಿ 25 ನಿಮಿಷ ಹೆಚ್ಚು ನಿಂತಿತೆಂದು ಖಾಸಗಿ ಕಂಪನಿಯೊಂದು 100 ಪೌಂಡ್ ಕೇಳಿದೆ, ಹದಿನಾಲ್ಕು ದಿನದೊಳಗೆ ಕಟ್ಟಿದರೆ 60. ಸ್ನೇಹಿತರು ಹರಿದು ಬಿಸಾಕು ಅನ್ನುತ್ತಿದ್ದಾರೆ, ನಿಮಗೆ ವೀಸಾದ ಚಿಂತೆ.

ಹರಿದು ಬಿಸಾಕಬೇಡಿ. ಹಾಗೆಂದು ಹೆದರಿ ಇವತ್ತೇ ಕಟ್ಟಲೂ ಹೋಗಬೇಡಿ. ಇಂಥ ಕಾಗದ ಹಿಡಿದುಕೊಂಡು ಬರುವ ನಮ್ಮವರಿಗೆ ಉತ್ತರ ಬರೆಯಲು ನಾನು ಸಹಾಯ ಮಾಡುತ್ತಿರುತ್ತೇನೆ. ಕಂಪನಿ ಬರೆದಿದೆ ಅಂದಮೇಲೆ ಸರಿಯೇ ಇರಬೇಕು ಎಂದು ನಂಬಿ ಸುಮ್ಮನೆ ದುಡ್ಡು ಕಟ್ಟುವವರನ್ನು ಕಂಡಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಇದು ಸರ್ಕಾರದ ದಂಡ ಅಲ್ಲ. ದಂಡ ಹಾಕುವ ಅಧಿಕಾರ ಪೊಲೀಸರಿಗೆ, ಕೌನ್ಸಿಲ್‌ಗೆ ಇದೆ, ಖಾಸಗಿ ಕಂಪನಿಗಿಲ್ಲ. ಅವರ ವಾದ ಇಷ್ಟೇ: ನಾವು ಫಲಕದಲ್ಲಿ ಷರತ್ತು ಬರೆದಿದ್ದೆವು, ನೀವು ಕಾರು ನಿಲ್ಲಿಸಿ ಅದಕ್ಕೆ ಒಪ್ಪಿದಿರಿ, ಆಮೇಲೆ ಮುರಿದಿರಿ. ಅಂದರೆ ಇದು ಕರಾರಿನ ಜಗಳ, ಸಿವಿಲ್ ವ್ಯಾಜ್ಯ. ಅಪರಾಧ ಅಲ್ಲವಾದ್ದರಿಂದ ಪೊಲೀಸ್ ದಾಖಲೆಗೂ ಹೋಗುವುದಿಲ್ಲ.

ನಿಮ್ಮ ಸ್ನೇಹಿತರ ಸಲಹೆ ಒಂದು ಕಾಲಕ್ಕೆ ತಕ್ಕಮಟ್ಟಿಗೆ ನಡೆಯುತ್ತಿತ್ತು. ಹಿಂದೆ ಕಂಪನಿ ಹಣ ಕೇಳಬೇಕಾದರೆ ಕಾರು ಓಡಿಸಿದವರನ್ನೇ ಹುಡುಕಬೇಕಿತ್ತು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆ್ಯಕ್ಟ್ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಷೇಧಿಸಿತು. ಅದೇ ಕಾನೂನಿನ 4ನೇ ಷೆಡ್ಯೂಲ್, ಕೆಲವು ಷರತ್ತು ಪಾಲಿಸಿದರೆ ಕಾರಿನ ನೋಂದಾಯಿತ ಕೀಪರ್‌ನಿಂದಲೂ, ಅಂದರೆ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಂದಲೂ, ಹಣ ಕೇಳಬಹುದು ಎಂದು ಕಂಪನಿಗಳಿಗೆ ಹೊಸ ಹಕ್ಕು ಕೊಟ್ಟಿತು. ಮೂರು ವರ್ಷದ ನಂತರ, 2015ರ ನವೆಂಬರ್‌ನಲ್ಲಿ, ಪಾರ್ಕಿಂಗ್‌ಐ ಎಂಬ ಪಾರ್ಕಿಂಗ್ ಕಂಪನಿಗೂ ಬೀವಿಸ್ ಎಂಬ ಚಾಲಕರಿಗೂ ನಡೆದ ಪ್ರಕರಣದ ತೀರ್ಪು ಬಂತು. ಚೆಲ್ಮ್ಸ್‌ಫರ್ಡ್‌ನ ಅಂಗಡಿ ಸಂಕೀರ್ಣದಲ್ಲಿ ಎರಡು ಗಂಟೆ ಮೀರಿ 56 ನಿಮಿಷ ನಿಂತ ಕಾರಿಗೆ 85 ಪೌಂಡ್ ಕೇಳಿದ್ದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಗಳು ಪ್ರತಿ ಕಾಗದದಲ್ಲೂ ಈ ತೀರ್ಪನ್ನು ಎತ್ತಿ ತೋರಿಸುತ್ತವೆ. ಆದರೆ ಅಲ್ಲಿ ಫಲಕಗಳು ದೊಡ್ಡದಾಗಿ, ಕಣ್ಣಿಗೆ ರಾಚುವಂತೆ, ಓದಲು ಸುಲಭವಾಗಿ ಇದ್ದವು ಎಂಬುದಕ್ಕೂ ನ್ಯಾಯಮೂರ್ತಿಗಳು ತೂಕ ಕೊಟ್ಟಿದ್ದರು. ಹಾಗಾಗಿ ಈ ವಾರವೇ ಆ ಜಾಗಕ್ಕೆ ಹೋಗಿ ಫೋಟೊ ತೆಗೆಯಿರಿ. ಪ್ರವೇಶದ್ವಾರದಲ್ಲಿ ಫಲಕ ಇದೆಯಾ, ಮರದ ಕೊಂಬೆ ಮುಚ್ಚಿದೆಯಾ, 100 ಪೌಂಡ್ ಅನ್ನುವುದು ಕಾಣುವ ಅಕ್ಷರದಲ್ಲಿದೆಯಾ ನೋಡಿ. ಕತ್ತಲಾದ ಮೇಲೆ ನಿಲ್ಲಿಸಿದ್ದರೆ ಕತ್ತಲಲ್ಲೇ ಹೋಗಿ ತೆಗೆಯಿರಿ.

ಈಗ ತಾರೀಖುಗಳಿಗೆ ಬನ್ನಿ. ನಿಮ್ಮ ಪ್ರಕರಣದ ಜೀವಾಳ ಇಲ್ಲಿದೆ. ಗಾಜಿನ ಮೇಲೆ ಚೀಟಿ ಅಂಟಿಸದೆ ಕ್ಯಾಮೆರಾದಿಂದ ನಂಬರ್ ಹಿಡಿದು ಕಾಗದ ಕಳಿಸಿದ್ದರೆ, ಕಾರು ನಿಂತ ಮರುದಿನದಿಂದ ಎಣಿಸಿ 14 ದಿನದೊಳಗೆ ಅದು ಕೀಪರ್ ಕೈ ಸೇರಿರಬೇಕು. ಕಳಿಸಿದರೆ ಸಾಲದು, ತಲುಪಿರಬೇಕು. ಅಂಚೆಗೆ ಹಾಕಿದ ದಿನದ ನಂತರದ ಎರಡನೇ ಕೆಲಸದ ದಿನ ತಲುಪಿತೆಂದು ಕಾನೂನು ಭಾವಿಸುತ್ತದೆ. 3ನೇ ತಾರೀಖು ಕಾರು ನಿಂತಿತ್ತು ಅಂದುಕೊಳ್ಳಿ, ಗಡುವು 17. ಕಾಗದ ಅಂಚೆಗೆ ಬಿದ್ದದ್ದೇ 16ಕ್ಕೆ ಆದರೆ ತಡವಾಯಿತು. ತಡವಾದರೆ ಕೀಪರ್ ಆದ ನಿಮ್ಮಿಂದ ಈ ಕಾನೂನಿನಡಿ ಹಣ ಕೇಳುವಂತಿಲ್ಲ, ಓಡಿಸಿದವರನ್ನು ಮಾತ್ರ ಕೇಳಬಹುದು.

ಓಡಿಸಿದ್ದು ಯಾರೆಂದು ಅವರಿಗೆ ಗೊತ್ತಿಲ್ಲ. ನಮ್ಮ ಜನ ಎಡವುವುದು ಇಲ್ಲೇ: ಮೇಲ್ಮನವಿಯ ಮೊದಲ ಸಾಲಲ್ಲೇ "ನನ್ನ ಹೆಂಡತಿ ಮಗುವಿಗೆ ಔಷಧಿ ತರಲು ಹೋಗಿದ್ದಳು" ಎಂದು ಬರೆದುಬಿಡುತ್ತಾರೆ. ಖಾಸಗಿ ಕಂಪನಿಗೆ ಚಾಲಕರ ಹೆಸರು ಹೇಳಲೇಬೇಕೆಂಬ ಕಡ್ಡಾಯ ಇಲ್ಲ. "ನಾನು ಈ ವಾಹನದ ಕೀಪರ್" ಎಂದು ಬರೆದು, ಉಳಿದ ಕಡೆಯೆಲ್ಲ "ಚಾಲಕರು" ಅನ್ನಿ. ಸುಳ್ಳು ಮಾತ್ರ ಬರೆಯಬೇಡಿ. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಕಾಗದ ಸಮಯಕ್ಕೆ ಬಂದು, ಒಕ್ಕಣೆಯೂ ಕಾನೂನಿಗೆ ತಕ್ಕಂತೆ ಇದ್ದರೆ ಹೆಸರು ಹೇಳದೆ ಇರುವುದರಿಂದ ಲಾಭವಿಲ್ಲ, ಆಗ ನೀವೇ ಹೊಣೆ.

25 ನಿಮಿಷದ ಲೆಕ್ಕವನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ. ಕ್ಯಾಮೆರಾ ಅಳೆಯುವುದು ಕಾರು ಒಳಬಂದ ಮತ್ತು ಹೊರಹೋದ ಹೊತ್ತನ್ನು, ನಿಂತ ಹೊತ್ತನ್ನಲ್ಲ. ಜಾಗ ಹುಡುಕುತ್ತ ಸುತ್ತಿದ್ದು, ಹೊರಬರುವಾಗ ಸಾಲಿನಲ್ಲಿ ಕಾದದ್ದು ಎಲ್ಲ ಅದರೊಳಗೇ ಸೇರುತ್ತದೆ. ಉದ್ಯಮದ ನಿಯಮಾವಳಿಯೇ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ 10 ನಿಮಿಷದ ರಿಯಾಯಿತಿ ಕೊಡಬೇಕೆನ್ನುತ್ತದೆ. ಒಂದೇ ದಿನ ಎರಡು ಸಲ ಹೋಗಿದ್ದರೆ ಇನ್ನೂ ಎಚ್ಚರ. ಮಧ್ಯದ ಹೋಗು-ಬರುವನ್ನು ಕ್ಯಾಮೆರಾ ತಪ್ಪಿಸಿಕೊಂಡರೆ ಎರಡು ಭೇಟಿ ಸೇರಿ ಒಂದು ಉದ್ದದ ಭೇಟಿಯಾಗುತ್ತದೆ. ಫೋನಿನ ಲೊಕೇಶನ್ ಇತಿಹಾಸ, ಅಂಗಡಿ ರಸೀದಿ ಅಳಿಸದೆ ಇಟ್ಟುಕೊಳ್ಳಿ.

ಕಂಪನಿಗೆ ಬರೆಯುವ ಮೊದಲು ಅಂಗಡಿಯ ಮ್ಯಾನೇಜರ್‌ರನ್ನು ಭೇಟಿಯಾಗಿ. ರಸೀದಿ ತೋರಿಸಿ, ಗ್ರಾಹಕರು ಎಂದು ಹೇಳಿ ರದ್ದು ಮಾಡಿಸಲು ಕೇಳಿ. ಪಾರ್ಕಿಂಗ್ ಕಂಪನಿಯನ್ನು ಕೆಲಸಕ್ಕಿಟ್ಟ ಅಂಗಡಿಯವರ ಒಂದು ಮಾತಿಗೆ ಇರುವ ಬೆಲೆ ನಿಮ್ಮ ಹತ್ತು ಪುಟದ ವಾದಕ್ಕೆ ಇಲ್ಲ. ಅದಾಗದಿದ್ದರೆ 14 ದಿನದೊಳಗೇ ಕಂಪನಿಗೆ ಮೇಲ್ಮನವಿ ಹಾಕಿ. ತಿರಸ್ಕರಿಸಿದರೂ ಸಾಮಾನ್ಯವಾಗಿ 60 ಪೌಂಡ್‌ನ ಅವಕಾಶ ಮತ್ತೆ ಸಿಗುತ್ತದೆ. ನಂತರದ ಹೆಜ್ಜೆ ಸ್ವತಂತ್ರ ಮೇಲ್ಮನವಿ. ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಎಂಬ ಉದ್ಯಮ ಸಂಘದ ಸದಸ್ಯನಾಗಿದ್ದರೆ ಅದನ್ನು ಕೇಳುವ ಸಂಸ್ಥೆ ಪಾಪ್ಲಾ, ಅದಕ್ಕೆ ಶುಲ್ಕವಿಲ್ಲ. ಅಲ್ಲಿಗೆ ಹೋದರೆ ರಿಯಾಯಿತಿ ಕೈ ತಪ್ಪುತ್ತದೆ. ಗೆದ್ದರೆ ಕಂಪನಿ ಬಿಡಲೇಬೇಕು, ಸೋತರೆ ತೀರ್ಪು ನಿಮ್ಮನ್ನು ಕಟ್ಟಿಹಾಕುವುದಿಲ್ಲ.

ಆಮೇಲೂ ಕಟ್ಟದಿದ್ದರೆ ಸಾಲ ವಸೂಲಿ ಏಜೆನ್ಸಿಗಳ ಕೆಂಪಕ್ಷರದ ಕಾಗದಗಳು 170 ಪೌಂಡ್ ಎಂದು ಬರುತ್ತವೆ. ಅವರಿಗೆ ಮನೆಗೆ ನುಗ್ಗುವ, ಸಾಮಾನು ಜಪ್ತಿ ಮಾಡುವ ಯಾವ ಅಧಿಕಾರವೂ ಇಲ್ಲ. ಆದರೆ ಕೌಂಟಿ ಕೋರ್ಟ್‌ನ ಕ್ಲೇಮ್ ಫಾರ್ಮ್ ಬಂದರೆ ಅದೇ ದಿನ ಕೂತು ಓದಿ. ಹೊಸದಾಗಿ ಬಂದವರು ವರ್ಷಕ್ಕೊಂದು ಮನೆ ಬದಲಿಸುತ್ತಾರೆ, ವಾಹನ ನೋಂದಣಿಯ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಯಲ್ಲಿ ವಿಳಾಸ ತಿದ್ದಿಸುವುದಿಲ್ಲ. ಫಾರ್ಮ್ ಹಳೇ ಮನೆಗೆ ಹೋಗುತ್ತದೆ, ಉತ್ತರವಿಲ್ಲದೆ ತೀರ್ಪು ಬೀಳುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಅದು ಕೋರ್ಟ್ ತೀರ್ಪುಗಳ ರಿಜಿಸ್ಟರ್‌ನಿಂದ ಅಳಿಯುತ್ತದೆ, ಇಲ್ಲವಾದರೆ ಆರು ವರ್ಷ ಉಳಿದು ಬಾಡಿಗೆ ಮನೆಗೂ ಗೃಹಸಾಲಕ್ಕೂ ಅಡ್ಡ ಬರುತ್ತದೆ. ನಿಮ್ಮ ವೀಸಾಕ್ಕಿಂತ ನನಗೆ ಭಯ ಇದರದ್ದೇ. ಕಾರಿನ ಲಾಗ್‌ಬುಕ್‌ನಲ್ಲಿ ಹಾಲಿ ವಿಳಾಸ ಇದೆಯಾ ನೋಡಿಕೊಳ್ಳಿ, ಆಮೇಲೆ ಕಾರು ನಿಂತ ದಿನ, ಕಾಗದದ ಮೇಲಿನ ದಿನ, ಕೈಗೆ ಸಿಕ್ಕ ದಿನ ಮೂರನ್ನೂ ಇಲ್ಲಿ ಬರೆಯಿರಿ. ಮೇಲ್ಮನವಿಯ ಒಕ್ಕಣೆಗೆ ನಾನು ಸಹಾಯ ಮಾಡುತ್ತೇನೆ.