ಇಪ್ಪತ್ತೊಂದು ಡಬ್ಬ ಹನ್ನೆರಡಾದಾಗ

ಪ್ರಶ್ನೆ: ನನಗೆ 27 ವರ್ಷ. ಊರು ತೀರ್ಥಹಳ್ಳಿ ಹತ್ತಿರ. ಬಿ.ಎ. ಆಗಿದೆ. ಓದೋದೆಂದರೆ ಪ್ರಾಣ, ಲೆಕ್ಕ ಮಾತ್ರ ಮೊದಲಿಂದಲೂ ಹತ್ತುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮೂರನೇ ಸಲಕ್ಕೆ ಪಾಸಾಯಿತು. ಮಗ್ಗಿ ಈಗಲೂ ಬಾಯಿಗೆ ಬರುವುದಿಲ್ಲ. ಮುಳ್ಳಿನ ಗಡಿಯಾರ ನೋಡಿ ಟೈಮ್ ಹೇಳಲು ತಡವರಿಸುತ್ತೇನೆ. ಮಾವನಿಗೆ ಕಣ್ಣು ಮಂಜಾಗಿದೆ, ಹಾಗಾಗಿ ಈ ಸಲ ಅಡಿಕೆ ಸುಲಿಯುವವರ ಲೆಕ್ಕ ನನ್ನ ಪಾಲಿಗೆ ಬಂತು. 21 ಡಬ್ಬ ಸುಲಿದ ಒಬ್ಬ ಹೆಂಗಸಿಗೆ 12 ಎಂದು ಬರೆದು ಅಷ್ಟಕ್ಕೇ ದುಡ್ಡು ಕೊಟ್ಟೆ. ಅವರು ಅಂಗಳದಲ್ಲೇ ಜಗಳಕ್ಕೆ ನಿಂತರು. ಅತ್ತೆ ಎಲ್ಲರೆದುರು ‘ಡಿಗ್ರಿ ಓದಿದ ಸೊಸೆ’ ಎಂದು ನಕ್ಕರು. ಯಜಮಾನರು ‘ಸ್ವಲ್ಪ ಗಮನ ಇಟ್ಟು ಮಾಡು’ ಎಂದರು. ಗಮನ ಇಟ್ಟೇ ಮಾಡಿದ್ದೆ. ಮೊಬೈಲಿನಲ್ಲಿ ಡಿಸ್ಕ್ಯಾಲ್ಕುಲಿಯಾ (ಲೆಕ್ಕ, ಅಂಕಿ ಹತ್ತದ ಕಲಿಕೆಯ ತೊಂದರೆ) ಬಗ್ಗೆ ಓದಿದಾಗ ನನ್ನದೇ ಕತೆ ಅನ್ನಿಸಿತು. ಮನೆಯಲ್ಲಿ ಹೇಳಲೋ ಬೇಡವೋ? ನಾಲ್ಕು ವರ್ಷದ ಮಗಳಿಗೂ ಬಂದರೆ?
– ಹೆಸರು ಬೇಡ

ಉತ್ತರ: ತಂಗಿ, ಮೊದಲು ಒಂದು ಕೆಲಸ. ಆ ಹೆಂಗಸಿಗೆ ಉಳಿದ ಒಂಬತ್ತು ಡಬ್ಬದ ದುಡ್ಡು ಸೇರಿದೆಯಾ? ಇಲ್ಲವಾದರೆ ನೀವೇ ಹೋಗಿ ಕೊಟ್ಟು, ‘ತಪ್ಪಾಯ್ತು’ ಅನ್ನಿ. ರಾತ್ರಿಯೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ದುಡಿಮೆ ಅದು. (ಒಂಬತ್ತು ಹೌದೋ ಅಲ್ಲವೋ ಎಂದು ನಾನೂ ಎರಡು ಸಲ ಕಳೆದು ನೋಡಿದೆ.)

ಈಗ ನಿಮ್ಮ ವಿಷಯ. ಪತ್ರ ಓದಿ ಇಂಥದ್ದೇ ಎಂದು ನಾನು ಹೇಳಲಾರೆ. ಆದರೆ ಮಗ್ಗಿ, ಗಡಿಯಾರ, ಹಿಂದುಮುಂದಾಗುವ ಅಂಕಿ ಎಲ್ಲ ಆ ಕಡೆಗೇ ಕೈ ತೋರಿಸುತ್ತವೆ. ‘ಏಳು’ ಅಂದ ಕೂಡಲೇ ಬೇರೆಯವರಿಗೆ ಅದು ಎಷ್ಟು ಎಂದು ಒಳಗೇ ಅಂದಾಜು ಸಿಗುತ್ತದೆ. ಡಿಸ್ಕ್ಯಾಲ್ಕುಲಿಯಾ ಇದ್ದವರಿಗೆ ಆ ಅಂದಾಜು ಸುಲಭಕ್ಕೆ ಸಿಗುವುದಿಲ್ಲ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ನೂರಕ್ಕೆ 3ರಿಂದ 7 ಜನಕ್ಕೆ ಇರಬಹುದೆಂದು ಅಂದಾಜು. ನಿಮ್ಮ ಹೈಸ್ಕೂಲ್ ಕ್ಲಾಸಿನಲ್ಲೇ ಇನ್ನೊಬ್ಬರು ಇದ್ದಿರಬಹುದು, ಪಾಪ, ಅವರೂ ಕಿವಿ ಹಿಂಡಿಸಿಕೊಂಡಿರಬಹುದು. ಜೊತೆಗೆ ಹೆದರಿಕೆ ಸೇರಿದರೆ ಬರುವ ಲೆಕ್ಕವೂ ಕೈಕೊಡುತ್ತದೆ. ಅಂಗಳದ ತುಂಬ ಜನ, ಪಕ್ಕದಲ್ಲಿ ಅತ್ತೆ. ಯಾರಿಗಾದರೂ ಕಷ್ಟವೇ, ಅಲ್ವಾ?

ಹೇಳಬೇಕು. ಮೊದಲು ಯಜಮಾನರಿಗೆ, ಅವರೊಬ್ಬರಿಗೇ. ಡಿಸ್ಕ್ಯಾಲ್ಕುಲಿಯಾ ಎಂಬ ಪದದಿಂದ ಶುರು ಮಾಡಬೇಡಿ, ‘ಮೊಬೈಲಿನಲ್ಲಿ ಸಿಕ್ಕ ಕಾಯಿಲೆ’ ಎಂದುಬಿಟ್ಟಾರು. ಲೆಕ್ಕದ ಪುಸ್ತಕ ತೆಗೆದು, ‘ನಾನು ಕೂಡಿಸುತ್ತೇನೆ, ಸುಮ್ನೆ ನೋಡಿ’ ಅನ್ನಿ. ಎಲ್ಲಿ ನಿಲ್ಲುತ್ತೀರಿ, ಎಲ್ಲಿ ಬೆರಳು ಮಡಿಸುತ್ತೀರಿ ಅವರೇ ನೋಡಲಿ. ಗಮನದ ಮಾತು ಆಮೇಲೆ ಅವರ ಬಾಯಿಂದ ಬರುವುದು ಕಷ್ಟ. ಅತ್ತೆಗೆ ಹೇಳುವುದನ್ನು ಅವರಿಗೇ ಬಿಡಿ. ಮಗನ ಬಾಯಿಂದ ಬಂದರೆ ಅದರ ತೂಕವೇ ಬೇರೆ. ನನಗಿದು ಇಷ್ಟವಿಲ್ಲ, ಆದರೆ ನಮ್ಮ ಮನೆಗಳು ಹಾಗೇ ಇವೆ.

ಲೆಕ್ಕದ ಕೆಲಸವನ್ನು ಪೂರ್ತಿ ಬಿಡಬೇಡಿ. ನಿಮಗೆ ಅಕ್ಷರ ಒಲಿದಿದೆ, ಅದನ್ನೇ ಹಿಡಿಯಿರಿ. 21 ಎಂದು ಬರೆದ ಪಕ್ಕದಲ್ಲಿ ‘ಇಪ್ಪತ್ತೊಂದು’ ಎಂದೂ ಬರೆಯಿರಿ. 21 ನೋಡನೋಡುತ್ತ 12 ಆದೀತು, ಇಪ್ಪತ್ತೊಂದು ಮಾತ್ರ ಹನ್ನೆರಡು ಆಗುವುದಿಲ್ಲ. ಬ್ಯಾಂಕಿನ ಚೆಕ್ಕಿನಲ್ಲೂ ಅಂಕಿ, ಅಕ್ಷರ ಎರಡೂ ಬೇಕು ತಾನೇ? ಒಂದು ಡಬ್ಬ ಸುರಿದ ಕೂಡಲೇ ಒಂದು ಗೀಟು, ಐದಕ್ಕೊಂದು ಅಡ್ಡಗೀಟು. ಹಳೇ ಮನೆಗಳ ಗೋಡೆ ಮೇಲೆ ಇದ್ದಲಲ್ಲಿ ಎಳೆದ ಇಂಥ ಗೀಟುಗಳನ್ನು ನಾನೇ ನೋಡಿದ್ದೇನೆ. ಶಾಲೆ ಮೆಟ್ಟಿಲು ಹತ್ತದವರು ಅದರಲ್ಲೇ ಸುಗ್ಗಿ ದಾಟಿಸಿದರು. ಒಂದರಿಂದ ಐವತ್ತು ಡಬ್ಬದವರೆಗೆ ಎಷ್ಟೆಷ್ಟು ದುಡ್ಡು ಎಂದು ಯಜಮಾನರಿಂದ ರಟ್ಟಿನ ಮೇಲೆ ಬರೆಸಿ ತೂಗುಹಾಕಿ. ಹಿಂದೆ ಸಾಹುಕಾರರೂ ಗಲ್ಲಾಪೆಟ್ಟಿಗೆ ಪಕ್ಕ ರೆಡಿ ರೆಕನರ್, ಅಂದರೆ ಲೆಕ್ಕ ಮೊದಲೇ ಮಾಡಿಟ್ಟ ಪುಸ್ತಕ, ಇಟ್ಟುಕೊಳ್ಳುತ್ತಿದ್ದರು. ಕೊಡುವ ಮುಂಚೆ ‘ನಿಮ್ಮದೆಷ್ಟಾಯ್ತು?’ ಎಂದು ಸುಲಿದವರನ್ನೇ ಕೇಳಿ, ಅವರಿಗೆ ನಿದ್ದೆಯಲ್ಲೂ ಗೊತ್ತಿರುತ್ತದೆ. ಮೊಬೈಲಿನ ಕ್ಯಾಲ್ಕುಲೇಟರ್ ಎಲ್ಲರೆದುರೇ ಒತ್ತಿ.

ಅಡಿಕೆ ಮಾರಿದಾಗ ಮಂಡಿಯವರು ಕೊಡುವ ಲೆಕ್ಕದ ಪಟ್ಟಿ ಮಾತ್ರ ಮುಟ್ಟಬೇಡಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯಲ್ಲೇ ಬಗೆಬಗೆ, ಒಂದೊಂದಕ್ಕೆ ಒಂದೊಂದು ದರ, ಮೇಲೆ ಕಡಿತಗಳು. ‘ಇದು ನನ್ನಿಂದಾಗದು’ ಎಂದು ನೇರ ಹೇಳಿ.

ಪರೀಕ್ಷೆ ಮಾಡಿಸಬೇಕೆನಿಸಿದರೆ ದೊಡ್ಡವರಿಗೂ ಆಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಕ್ಯಾಲ್ಕುಲಿಯಾ ಹೆಸರು ಹಿಡಿದೇ ಸೇರಿದೆ. ಮುಂದೆ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುವ ಆಸೆ ಇದ್ದರೆ ಸರ್ಟಿಫಿಕೇಟಿನ ಬಗ್ಗೆಯೂ ಅಲ್ಲೇ ಕೇಳಿ. ಇಲ್ಲವಾದರೆ ಅದಕ್ಕಾಗಿ ಓಡಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಮಗಳ ವಿಷಯ. ಇದು ಮನೆತನದಲ್ಲಿ ಬರುವುದುಂಟು, ಬಂದೇ ಬರುತ್ತದೆ ಎಂದೇನಿಲ್ಲ. ನಾಲ್ಕು ವರ್ಷಕ್ಕೆ ಏನೂ ಹೇಳಲಾಗದು. ಎರಡನೇ, ಮೂರನೇ ಕ್ಲಾಸಿನಲ್ಲೂ ಬೆರಳು ಬಿಡದಿದ್ದರೆ, ಸಂಖ್ಯೆ ಕಂಡರೆ ಅಳುತ್ತಿದ್ದರೆ ಆಗ ತೋರಿಸಿ. ಅವಳೆದುರು ‘ನನ್ನ ಹಾಗೇ ಆಗ್ತಾಳೆ’ ಎನ್ನಬೇಡಿ. ಅಟ್ಟದ ಮೇಲೆ ಚೆನ್ನೆಮಣೆ ಇದ್ದರೆ ಇಳಿಸಿ, ದೂಳು ಒರೆಸಿ, ಹುಣಸೆಬೀಜ ಹಾಕಿ ಅವಳ ಜೊತೆ ಆಡಿ. ಒಂದೊಂದೇ ಬೀಜ ಕೈಗೆ ಬರುತ್ತದೆ, ಒಂದೊಂದೇ ಗುಳಿಗೆ ಬೀಳುತ್ತದೆ. ಅತ್ತೆಯನ್ನೂ ಕರೆಯಿರಿ. ಚೆನ್ನೆಮಣೆ ಅವರಿಗೇ ಜಾಸ್ತಿ ಚೆನ್ನಾಗಿ ಬರುತ್ತಿರಬಹುದು.